ಓದುಗರ ಪ್ರಶ್ನೆ, ನಮ್ಮ ಉತ್ತರ: ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚು

ಹಿಂದಿನ ಸಂಚಿಕೆಯಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಸಾಂತಾ ಕ್ರೋಚೆ ಚರ್ಚಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮೈಕೆಲ್ಯಾಂಜೆಲೊ, ಗೆಲಿಲಿಯೋ, ರಾಜನೀತಿ ಚಿಂತಕ ಮ್ಯಾಕಿಯವೆಲ್ಲಿ, ಸಂಗೀತಗಾರ ರೊಸ್ಸೀನಿ ಇವರೆಲ್ಲರ ಸಮಾಧಿಗಳು ಒಂದೇ ಸೂರಿನಡಿ ಇವೆಯೆಂಬ ಆ ಮಾತಿಗೆ ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಬರುವ ಏಪ್ರಿಲ್‌ನಲ್ಲಿ ಮಗಳು, ಅಳಿಯನ ಜೊತೆ ಇಟಲಿಗೆ ಹೋಗಲಿದ್ದೇನೆ. ಫ್ಲಾರೆನ್ಸಿನಲ್ಲಿ ಸಿಗುವುದು ಒಂದೇ ದಿನ. ಅದರಲ್ಲಿ ಅರ್ಧ ದಿನವನ್ನು ಗೆಲಿಲಿಯೋ ಸಮಾಧಿಗೆಂದು ಎತ್ತಿಡೋಣ ಎಂದರೆ, ಒಂದು ಗೋರಿ ನೋಡುವುದಕ್ಕೆ ಅಷ್ಟು ಹೊತ್ತು ಬೇಕೇ ಎಂದು ಮನೆಯವರು ಕೇಳುತ್ತಾರೆ. ಏನು ಹೇಳಲಿ? (ಓದುಗರು, ಧಾರವಾಡ)

ಉತ್ತರ: ಬೇಕು ಎಂದೇ ಹೇಳಿ ಮೇಷ್ಟ್ರೇ. ನೀವು ನೋಡಬೇಕಾದದ್ದು ಗೆಲಿಲಿಯೋನ ಒಂದು ಸಮಾಧಿಯನ್ನಲ್ಲ, ಎರಡನ್ನು. ಆ ಎರಡರ ನಡುವೆ ತೊಂಬತ್ತೈದು ವರ್ಷಗಳ ಅಂತರವಿದೆ.

ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬ ವಾದವನ್ನು ಬೆಂಬಲಿಸಿದ್ದಕ್ಕಾಗಿ 1633ರಲ್ಲಿ ರೋಮಿನಲ್ಲಿ ವಿಚಾರಣೆಗೆ ಒಳಗಾದ ಗೆಲಿಲಿಯೋ, ಉಳಿದ ಆಯುಷ್ಯವನ್ನು ಫ್ಲಾರೆನ್ಸಿನ ಹೊರವಲಯದ ಆರ್ಚೇತ್ರಿ ಎಂಬಲ್ಲಿ ಗೃಹಬಂಧನದಲ್ಲಿ ಕಳೆದು, ಕಣ್ಣು ಕಳೆದುಕೊಂಡು, 1642ರ ಜನವರಿ 8ರಂದು ತೀರಿಕೊಂಡ. ನಗರವನ್ನು ಆಳುತ್ತಿದ್ದ ಎರಡನೆಯ ಫರ್ಡಿನಾಂಡೊ ಅವನಿಗೆ ಸಾಂತಾ ಕ್ರೋಚೆಯಲ್ಲಿ ಭವ್ಯವಾದ ಸ್ಮಾರಕ ಕಟ್ಟಿಸಬೇಕೆಂದು ಮನಸ್ಸು ಮಾಡಿದ್ದ. ಆದರೆ ಶಿಕ್ಷೆಗೊಳಗಾದವನಿಗೆ ಅಂಥ ಗೌರವ ಸಲ್ಲದು ಎಂದು ಪೋಪ್ ಎಂಟನೆಯ ಅರ್ಬನ್ ಅಡ್ಡಬಂದ. ಅದರಿಂದಾಗಿ ಗೆಲಿಲಿಯೋನ ದೇಹವನ್ನು ಚರ್ಚಿನ ಮುಖ್ಯ ಭಾಗಕ್ಕೆ ತರದೆ, ಎಳೆಯ ಸನ್ಯಾಸಿಗಳು ಪ್ರಾರ್ಥನೆ ಮಾಡುತ್ತಿದ್ದ ಪೂಜಾಕೋಣೆಯ ಪಕ್ಕದ ಒಂದು ಚಿಕ್ಕ ಕೋಣೆಯಲ್ಲಿ, ಸದ್ದುಗದ್ದಲವಿಲ್ಲದೆ ಇಟ್ಟರು. ಶವವನ್ನು ಹೊರಗೆ ಹಾಕಲಿಲ್ಲ, ಒಳಗೆ ಬರಮಾಡಿಕೊಂಡೂ ಇಲ್ಲ ಎನ್ನುವಂಥ ಏರ್ಪಾಡು ಅದು.

ಇಲ್ಲಿ ನೀವು ನೆನೆಯಬೇಕಾದ ಹೆಸರು ವಿನ್ಚೆಂಜೊ ವಿವಿಯಾನಿ. ಹದಿಹರೆಯದಲ್ಲೇ ಗೆಲಿಲಿಯೋನ ಬಳಿ ಸೇರಿ, ಕುರುಡನಾದ ಗುರುವಿನ ಕೊನೆಗಾಲದವರೆಗೆ ಜೊತೆಗಿದ್ದ ಶಿಷ್ಯ ಅವನು. ಗುರುವಿಗೆ ತಕ್ಕ ಸಮಾಧಿ ಕಟ್ಟಿಸುವುದಕ್ಕಾಗಿ ಅವನು ಬಾಳಿನುದ್ದಕ್ಕೂ ಹೆಣಗಿದ. ಚರ್ಚಿನಲ್ಲಿ ಅದು ಕೈಗೂಡದಿದ್ದಾಗ ತನ್ನ ಸ್ವಂತ ಮನೆಯ ಮುಂಗೋಡೆಯನ್ನೇ ಗೆಲಿಲಿಯೋನ ಸ್ಮಾರಕವಾಗಿ ಮಾಡಿ, ಬಾಗಿಲಿನ ಮೇಲೆ ಗುರುವಿನ ಎದೆಮಟ್ಟದ ಪ್ರತಿಮೆಯನ್ನೂ ಅದರ ಎರಡು ಬದಿಗೆ ಆಳೆತ್ತರದ ಶಾಸನಫಲಕಗಳನ್ನೂ ನಿಲ್ಲಿಸಿದ. ಆ ಮನೆ ಈಗಲೂ ಫ್ಲಾರೆನ್ಸಿನಲ್ಲಿದೆ. 1703ರಲ್ಲಿ ಸಾಯುವ ಮುನ್ನ ಚರ್ಚಿನ ಸ್ಮಾರಕಕ್ಕಾಗಿ ತನ್ನ ಆಸ್ತಿಯಿಂದ ಹಣ ಬರೆದಿಟ್ಟ. ಅದು ಕೆಲಸಕ್ಕೆ ಬರಲು ಇನ್ನೂ ಮೂವತ್ತು ವರ್ಷ ಹಿಡಿಯಿತು. 1737ರ ಮಾರ್ಚ್ 12ರಂದು ಕೋಣೆಯಿಂದ ಗೆಲಿಲಿಯೋನ ಅವಶೇಷಗಳನ್ನು ಎತ್ತಿ, ಚರ್ಚಿನ ಎಡಗೋಡೆಗೆ ಕಟ್ಟಿದ ಅಮೃತಶಿಲೆಯ ಸಮಾಧಿಗೆ ಒಯ್ದರು. ಅವನ ಜೊತೆಗೆ ವಿವಿಯಾನಿಯ ಅವಶೇಷಗಳೂ ಅಲ್ಲಿಗೇ ಹೋದವು. ಆ ದಿನ ಮೂರನೆಯ ಒಬ್ಬರ ಅವಶೇಷಗಳೂ ಅಲ್ಲಿ ಕಂಡುಬಂದವು. ಅದು ಹೆಣ್ಣಿನದು. ಸನ್ಯಾಸಿನಿಯಾಗಿದ್ದು 1634ರಲ್ಲಿ ತೀರಿಕೊಂಡ, ಗೆಲಿಲಿಯೋನ ಹಿರಿಯ ಮಗಳು ಮಾರಿಯಾ ಚೆಲೆಸ್ತೆಯದೇ ಅದು ಎಂದು ನಂಬಲಾಗಿದೆ. ಅದನ್ನೂ ತಂದೆಯ ಜೊತೆಗೇ ಇಟ್ಟರು. ಆದರೆ ಆಗ ಸಮಾಧಿಯ ಮೇಲೆ ಅವಳ ಹೆಸರನ್ನು ಕೆತ್ತಲಿಲ್ಲ. ಅಂದು ಅಭಿಮಾನಿಗಳು ಗೆಲಿಲಿಯೋನ ಬೆರಳುಗಳನ್ನೂ ಒಂದು ಹಲ್ಲನ್ನೂ ಕಳಚಿಕೊಂಡರು. ಬೆರಳುಗಳು ಈಗ ಅರ್ನೊ ನದಿಯ ದಂಡೆಯಲ್ಲಿರುವ ಗೆಲಿಲಿಯೋ ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗಿವೆ.

ದೊಡ್ಡ ಸಮಾಧಿಯ ಎದುರು ನಿಂತಾಗ ಮೊದಲು ಪ್ರತಿಮೆಯ ಮುಖ ನೋಡಿ. ಒಂದು ಕೈಯಲ್ಲಿ ದೂರದರ್ಶಕ ಹಿಡಿದು ಮೇಲಕ್ಕೆ ದೃಷ್ಟಿ ನೆಟ್ಟ ಗೆಲಿಲಿಯೋ, ಕೆಳಗೆ ಎರಡು ಬದಿಗೆ ಖಗೋಳಶಾಸ್ತ್ರ ಮತ್ತು ರೇಖಾಗಣಿತವನ್ನು ಪ್ರತಿನಿಧಿಸುವ ಸ್ತ್ರೀರೂಪಗಳು. ಬಳಿಕ ಹಾಗೆಯೇ ಹಿಂದಿರುಗಿ ಎದುರುಗೋಡೆಯನ್ನು ನೋಡಿ. ಅಲ್ಲಿರುವುದು ಮೈಕೆಲ್ಯಾಂಜೆಲೊ. ಅವನು ತೀರಿಕೊಂಡದ್ದು 1564ರ ಫೆಬ್ರವರಿ 18ರಂದು. ಗೆಲಿಲಿಯೋ ಹುಟ್ಟಿದ್ದು ಅದೇ ತಿಂಗಳ 15ರಂದು. ಈ ಕಾಕತಾಳೀಯವನ್ನು ಫ್ಲಾರೆನ್ಸಿನವರು ಬಹಳ ಅಭಿಮಾನದಿಂದ ಹೇಳಿಕೊಂಡು ಬಂದಿದ್ದಾರೆ. ಮೈಕೆಲ್ಯಾಂಜೆಲೊ ಸತ್ತದ್ದು ರೋಮಿನಲ್ಲಿ. ಅವನ ದೇಹವನ್ನು ರೋಮಿನವರು ಬಿಟ್ಟುಕೊಡುವುದಿಲ್ಲವೆಂದು ಅಳುಕಿದ ತಮ್ಮನ ಮಗ ಲಿಯೊನಾರ್ದೊ, ವ್ಯಾಪಾರದ ಸರಕಿನಂತೆ ಮೂಟೆ ಕಟ್ಟಿಸಿ ಊರಿಗೆ ಸಾಗಿಸಿದ. ಬದುಕಿದ್ದಾಗ ಮೂವತ್ತು ವರ್ಷ ಮರಳದ ಊರಿಗೆ ಅವನು ಬಂದದ್ದು ಹಾಗೆ. ಚಿತ್ರಕಾರನೂ ವಾಸ್ತುಶಿಲ್ಪಿಯೂ ಆಗಿದ್ದ ವಸಾರಿ ರೂಪಿಸಿದ ಆ ಸಮಾಧಿಯ ಬುಡದಲ್ಲಿ ಚಿತ್ರಕಲೆ, ಶಿಲ್ಪಕಲೆ, ವಾಸ್ತುಶಿಲ್ಪ ಎಂಬ ಮೂವರು ಹೆಂಗಸರು ಮನೆಯ ಹಿರಿಯನನ್ನು ಕಳೆದುಕೊಂಡವರಂತೆ ಕುಳಿತಿದ್ದಾರೆ.

ಇವೆರಡರ ನಡುವಿನ ನೆಲವನ್ನು ಅಲಕ್ಷಿಸಬೇಡಿ. ಇನ್ನೂರಕ್ಕೂ ಹೆಚ್ಚು ಸಮಾಧಿಗಳ ಮುಚ್ಚುಗಲ್ಲುಗಳೇ ಅಲ್ಲಿ ಹಾಸುಗಲ್ಲುಗಳಾಗಿವೆ. ಕೆಲವುಗಳ ಮೇಲೆ ಮಲಗಿದ ಆಕೃತಿಗಳನ್ನು ಉಬ್ಬಾಗಿ ಕೆತ್ತಿದ್ದಾರೆ. ಏಳು ಶತಮಾನದ ಪಾದಗಳು ತಿಕ್ಕಿ ಮೂಗು, ತುಟಿ ಸವೆದು, ಮುಖವೆಂಬುದು ನುಣುಪಾದ ಉಬ್ಬಾಗಿ ಮಾತ್ರ ಉಳಿದಿದೆ. ಬದಿಗಿದ್ದದ್ದರಿಂದ ಬಟ್ಟೆಯ ನೆರಿಗೆಗಳು ಚೆನ್ನಾಗಿವೆ. ಅಂಥ ಕಲ್ಲುಗಳಲ್ಲೊಂದು 15ನೆಯ ಶತಮಾನದ ವೈದ್ಯನೊಬ್ಬನದು. ಅವನ ಹೆಸರೂ ಗೆಲಿಲಿಯೋ ಗೆಲಿಲೇಯಿ! ನಮ್ಮ ಗೆಲಿಲಿಯೋನ ಪೂರ್ವಜ ಅವನು. ಇದನ್ನು ಕೇಳಿ ನೋಡಿಕೊಂಡು, ಕೊನೆಗೆ ಆ ಚಿಕ್ಕ ಕೋಣೆಗೂ ಹೋಗಿ ಬನ್ನಿ. ಹೆಚ್ಚಿನ ಗುಂಪುಗಳು ಅತ್ತ ಸುಳಿಯುವುದಿಲ್ಲ. ಮನೆಯವರನ್ನು ಅಲ್ಲಿ ಐದು ನಿಮಿಷ ನಿಲ್ಲಿಸಿ, ತರಗತಿಯಲ್ಲಿ ಹೇಳುತ್ತಿದ್ದಂತೆ ಈ ಕಥೆ ಹೇಳಿ. ಅರ್ಧ ದಿನ ಏಕೆಂಬ ಪ್ರಶ್ನೆಯನ್ನು ಅವರು ಮತ್ತೆ ಕೇಳಲಾರರು.

ಪ್ರಶ್ನೆ: ಮಹಾಕವಿ ಡಾಂಟೆಯ ಸಮಾಧಿಯೂ ಅಲ್ಲಿದೆ ಎಂದು ಪ್ರವಾಸಿ ಪುಸ್ತಿಕೆಯೊಂದರಲ್ಲಿ ಓದಿದೆ. ಅದರೊಳಗೆ ಏನೂ ಇಲ್ಲ ಎಂದು ಹೋಗಿಬಂದ ಸ್ನೇಹಿತೆ ಹೇಳುತ್ತಾರೆ. ಯಾವುದು ನಿಜ? (ಓದುಗರು, ಮೈಸೂರು)

ಉತ್ತರ: ನಿಮ್ಮ ಸ್ನೇಹಿತೆ ಹೇಳಿದ್ದೇ ಸರಿ. ಅದು ಬರಿದಾದ ಸಮಾಧಿ.

ರಾಜಕೀಯ ಬಣಗಳ ಜಗಳದಲ್ಲಿ 1302ರಲ್ಲಿ ಫ್ಲಾರೆನ್ಸ್ ಡಾಂಟೆಯನ್ನು ಗಡೀಪಾರು ಮಾಡಿತು. ಮರಳಿ ಕೈಗೆ ಸಿಕ್ಕರೆ ಸುಟ್ಟುಹಾಕುವುದೆಂದು ತೀರ್ಪನ್ನೂ ಕೊಟ್ಟಿತು. ಅವನು ಮತ್ತೆ ಊರಿನ ಮುಖ ಕಾಣಲಿಲ್ಲ. ಇಟಲಿಯ ಪೂರ್ವ ಭಾಗದ ರವೆನ್ನಾ ನಗರದಲ್ಲಿ 1321ರಲ್ಲಿ ತೀರಿಕೊಂಡ, ಅಲ್ಲೇ ಮಣ್ಣಾದ. ಮುಂದೆ ಅವನ ಕೀರ್ತಿ ಹಬ್ಬಿದಾಗ ಫ್ಲಾರೆನ್ಸಿನವರು ಅಸ್ಥಿಗಳನ್ನು ಕೊಡಿ ಎಂದು ಪದೇಪದೇ ಕೇಳಿದರು. 1519ರಲ್ಲಿ ಮೆದಿಚಿ ಮನೆತನದ ಪೋಪ್ ಹತ್ತನೆಯ ಲಿಯೊನ ಒಪ್ಪಿಗೆಯೂ ಸಿಕ್ಕಿತು. ತಕ್ಕ ಸಮಾಧಿಯನ್ನು ತಾನೇ ಕೆತ್ತಿಕೊಡುವೆನೆಂದು ಮೈಕೆಲ್ಯಾಂಜೆಲೊ ಮುಂದೆ ಬಂದ. ಆದರೆ ತರಲು ಹೋದವರಿಗೆ ಶವಪೆಟ್ಟಿಗೆ ಖಾಲಿ ಕಂಡಿತು. ರವೆನ್ನಾದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಮೊದಲೇ ಗೋಡೆ ಕೊರೆದು ಅಸ್ಥಿಗಳನ್ನು ತೆಗೆದು ಬಚ್ಚಿಟ್ಟಿದ್ದರು. ಆ ಪೆಟ್ಟಿಗೆ ಮತ್ತೆ ಬೆಳಕಿಗೆ ಬಂದದ್ದು 1865ರಲ್ಲಿ, ಕಟ್ಟಡದ ರಿಪೇರಿಯ ವೇಳೆಯಲ್ಲಿ. ಇಂದಿಗೂ ಪ್ರತಿ ಸೆಪ್ಟೆಂಬರಿನಲ್ಲಿ ರವೆನ್ನಾದ ಸಮಾಧಿಯ ದೀಪಕ್ಕೆ ಎಣ್ಣೆ ಹೋಗುವುದು ಫ್ಲಾರೆನ್ಸಿನಿಂದಲೇ. ಸಾಂತಾ ಕ್ರೋಚೆಯ ಅಷ್ಟೂ ಅಮೃತಶಿಲೆಗಿಂತ ಈ ಎಣ್ಣೆಯೇ ದೊಡ್ಡದೆಂದು ನನ್ನ ಭಾವನೆ.

ಸಾಂತಾ ಕ್ರೋಚೆಯಲ್ಲಿರುವುದು ಸ್ತೆಫಾನೊ ರಿಚ್ಚಿ ಕೆತ್ತಿದ, 1830ರಲ್ಲಿ ಅನಾವರಣಗೊಂಡ ಸ್ಮಾರಕ. ಮೇಲೆ ಕುಳಿತ ಡಾಂಟೆ, ಪಕ್ಕದಲ್ಲಿ ಅವನನ್ನು ಕೈತೋರಿಸುತ್ತ ನಿಂತ ಇಟಲಿ, ಇನ್ನೊಂದು ಬದಿಗೆ ಬರಿದಾದ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಅಳುವ ಕಾವ್ಯದೇವಿ. ಅದರ ಮೇಲೆ ಕೆತ್ತಿರುವುದು ಅವನದೇ ಮಹಾಕಾವ್ಯದ ಒಂದು ಸಾಲು: ಅತ್ಯುನ್ನತನಾದ ಕವಿಯನ್ನು ಗೌರವಿಸಿರಿ. ಕಾವ್ಯದಲ್ಲಿ ಅದರ ಮುಂದಿನ ಸಾಲು, ಅಗಲಿಹೋಗಿದ್ದ ಅವನ ಛಾಯೆ ಮರಳಿ ಬರುತ್ತಿದೆ ಎನ್ನುತ್ತದೆ. ಆ ಸಾಲನ್ನು ಇಲ್ಲಿ ಕೆತ್ತುವಂತಿರಲಿಲ್ಲ, ಅವನು ಮರಳಿ ಬಂದಿಲ್ಲವಲ್ಲ.

ಇದೇ ಸಾಲಿನಲ್ಲಿರುವ ಮ್ಯಾಕಿಯವೆಲ್ಲಿಯ ಸ್ಮಾರಕವನ್ನೂ ನೋಡಿ. ಅವನು ತೀರಿಕೊಂಡದ್ದು 1527ರಲ್ಲಿ, ಸ್ಮಾರಕ ಎದ್ದದ್ದು 1787ರಲ್ಲಿ. ‘ಇಷ್ಟು ದೊಡ್ಡ ಹೆಸರಿಗೆ ಸಮನಾದ ಹೊಗಳಿಕೆಯಿಲ್ಲ’ ಎಂಬ ಲ್ಯಾಟಿನ್ ಬರಹ ಅದರ ಮೇಲಿದೆ.

ಪ್ರಶ್ನೆ: 1966ರ ನೆರೆಯಲ್ಲಿ ಈ ಚರ್ಚಿನ ಚಿತ್ರಗಳು ಹಾಳಾದವು ಎಂದು ಕೇಳಿದ್ದೇನೆ. ಹಾಗಾದರೆ ಈಗ ಕಾಣುವುದು ಮೂಲ ಚಿತ್ರವೋ, ಮತ್ತೆ ಬರೆದದ್ದೋ? ನಾನು ಹವ್ಯಾಸಿ ಚಿತ್ರಕಾರ, ಅದಕ್ಕಾಗಿ ಕೇಳುತ್ತಿದ್ದೇನೆ. (ಓದುಗರು, ಮಂಗಳೂರು)

ಉತ್ತರ: ಚಿತ್ರ ಬರೆಯುವವರು ಕೇಳಲೇಬೇಕಾದ ಪ್ರಶ್ನೆಯಿದು. ಇಲ್ಲಿ ಕಾಣುವ ಚಿತ್ರಗಳಿಗೆ ಎರಡು ಬಗೆಯ ಗಾಯಗಳಾಗಿವೆ: ನೀರು ಮಾಡಿದ್ದು ಒಂದು, ಮನುಷ್ಯರು ಮಾಡಿದ್ದು ಇನ್ನೊಂದು.

ಅರ್ನೊ ನದಿ 1966ರ ನವೆಂಬರ್ 4ರ ಬೆಳಗಿನ ಜಾವ ಉಕ್ಕಿ ನಗರಕ್ಕೆ ನುಗ್ಗಿತು. ಸಾಂತಾ ಕ್ರೋಚೆ ಇರುವುದು ತಗ್ಗಿನ ಬಡಾವಣೆಯಲ್ಲಿ, ಆದ್ದರಿಂದ ನೀರು ಅತಿ ಎತ್ತರಕ್ಕೆ ಏರಿದ್ದು ಅಲ್ಲಿಯೇ. ಬರೀ ನೀರಾಗಿದ್ದರೆ ಇಷ್ಟು ಕೇಡಾಗುತ್ತಿರಲಿಲ್ಲ. ಚಳಿಗಾಲಕ್ಕೆಂದು ಮನೆಮನೆಯ ನೆಲಮಾಳಿಗೆಯಲ್ಲಿ ತುಂಬಿಟ್ಟಿದ್ದ ಸೀಮೆಎಣ್ಣೆಯಂಥ ಉರುವಲು ಎಣ್ಣೆ ಕೆಸರಿನ ಜೊತೆ ಬೆರೆತು ಬಂತು. ಚಿಮಬೂಯೆ 13ನೆಯ ಶತಮಾನದ ಕೊನೆಯ ಭಾಗದಲ್ಲಿ ಬರೆದ ದೊಡ್ಡ ಶಿಲುಬೆ, ನಾಲ್ಕು ಮೀಟರಿಗೂ ಎತ್ತರದ್ದು, ಆಗ ಊಟದ ಹಜಾರದಲ್ಲಿತ್ತು. ನೀರು ಕುಡಿದ ಮರ ಉಬ್ಬಿತು, ಬಣ್ಣದ ಪದರ ಕಳಚಿ ಬಿತ್ತು. ಚಿತ್ರದ ಸುಮಾರು ಶೇ. 60 ಭಾಗ ಹೋಯಿತು. ಆಗ ಕೆಸರಿನೊಳಗಿಂದ ಬಣ್ಣದ ಚೂರುಗಳನ್ನು ಜರಡಿ ಹಿಡಿದು ಆರಿಸಿದರು. ದೇಶವಿದೇಶಗಳಿಂದ ಓಡಿಬಂದು ಪುಸ್ತಕಗಳನ್ನೂ ಚಿತ್ರಗಳನ್ನೂ ಕೆಸರಿನಿಂದ ಎತ್ತಿದ ಯುವಕ ಯುವತಿಯರನ್ನು ಊರಿನವರು ಕೆಸರಿನ ದೇವದೂತರು ಎಂದು ಕರೆದರು. ಆ ಹೆಸರು ಇಂದಿಗೂ ಅಲ್ಲಿ ಬಳಕೆಯಲ್ಲಿದೆ.

ಹತ್ತು ವರ್ಷಗಳ ದುರಸ್ತಿಯ ನಂತರ ಅದು 1976ರಲ್ಲಿ ಮರಳಿ ಬಂತು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ: ಹೋದದ್ದನ್ನು ಅವರು ಊಹಿಸಿ ಬರೆಯಲಿಲ್ಲ. ಬಣ್ಣ ಕಳಚಿದ ಜಾಗದಲ್ಲಿ ಸುತ್ತಲಿನ ಬಣ್ಣಗಳ ಛಾಯೆಯನ್ನು ಹೊಂದಿಸಿ, ಒಂದರ ಮೇಲೊಂದು ಅಡ್ಡಹಾಯುವ ಕೂದಲೆಳೆಯಂಥ ಗೆರೆಗಳನ್ನು ತುಂಬಿದರು. ದೂರದಿಂದ ನೋಡಿದರೆ ಕಣ್ಣು ಕ್ರಿಸ್ತನ ಬಾಗಿದ ದೇಹವನ್ನು ಕೂಡಿಸಿಕೊಳ್ಳುತ್ತದೆ, ಹತ್ತಿರ ಹೋದರೆ ಎಲ್ಲಿ ಚಿಮಬೂಯೆ ನಿಂತ, ಎಲ್ಲಿ ನಮ್ಮ ಕಾಲದವರು ಶುರುಮಾಡಿದರು ಎಂಬುದು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಮುಖದ ಒಂದು ಭಾಗ ಹಾಗೆಯೇ ಇಲ್ಲವಾಗಿದೆ. ನನಗೆ ಇದು ಬಹಳ ಮರ್ಯಾದೆಯ ಕೆಲಸವೆನಿಸುತ್ತದೆ. ವಸಾರಿ ಬರೆದ, ಯೇಸುವಿನ ಕೊನೆಯ ಭೋಜನದ ಚಿತ್ರದ ಕಥೆ ಬೇರೆ. ಮರದ ಐದು ಹಲಗೆಗಳ ಮೇಲಿನ ಆ ಚಿತ್ರ ಹನ್ನೆರಡು ಗಂಟೆಗೂ ಹೆಚ್ಚು ಕಾಲ ನೀರೊಳಗಿತ್ತು. ಬಣ್ಣ ಉದುರದಂತೆ ತೆಳುಕಾಗದ ಅಂಟಿಸಿ ಎತ್ತಿಟ್ಟವರಿಗೆ, ಮುಂದೆ ಏನು ಮಾಡಬೇಕೆಂಬ ವಿದ್ಯೆ ಆಗ ತಿಳಿದಿರಲಿಲ್ಲ. ಬಲ್ಲವರು ಬರುವವರೆಗೆ ನಾಲ್ಕು ದಶಕ ಅದನ್ನು ಕಾಪಾಡಿದರು. ನೆರೆಯ ಐವತ್ತನೆಯ ವರ್ಷದ ದಿನ, 2016ರ ನವೆಂಬರ್ 4ರಂದು, ಅದು ಊಟದ ಹಜಾರಕ್ಕೆ ಮರಳಿತು. ಮತ್ತೆ ನೆರೆ ಬಂದರೆ ಚಟ್ಟನೆ ಮೇಲಕ್ಕೆ ಎಳೆದುಕೊಳ್ಳುವಂತೆ ಈಗ ಅದಕ್ಕೆ ರಾಟೆ ಮತ್ತು ತೂಕದ ಏರ್ಪಾಡಿದೆ.

ಇನ್ನು ಮನುಷ್ಯರು ಮಾಡಿದ ಗಾಯ. ಗರ್ಭಗುಡಿಯ ಬಲಪಕ್ಕಕ್ಕಿರುವ ಬಾರ್ದಿ, ಪೆರುತ್ಸಿ ಎಂಬ ಎರಡು ಸಾಹುಕಾರ ಮನೆತನಗಳ ಪೂಜಾಕೋಣೆಗಳಲ್ಲಿ ಜೊತ್ತೊ ಭಿತ್ತಿಚಿತ್ರಗಳನ್ನು ಬರೆದ. 18ನೆಯ ಶತಮಾನದಲ್ಲಿ ಅವುಗಳ ಮೇಲೆ ಸುಣ್ಣ ಬಳಿದರು. ಸಾಲದೆಂದು, ಮುಂದೆ ಬಾರ್ದಿ ಕೋಣೆಯ ಗೋಡೆಗೆ ಸಮಾಧಿಗಳನ್ನು ಕಟ್ಟುವಾಗ ಚಿತ್ರವಿದ್ದ ಗಾರೆಯನ್ನೇ ಒಡೆದರು. 19ನೆಯ ಶತಮಾನದ ನಡುವೆ ಸುಣ್ಣ ಕೆರೆದಾಗ ಚಿತ್ರಗಳು ಹೊರಬಂದವು. ಆ ಕಾಲದ ದುರಸ್ತಿಗಾರ ತೂತು ಬಿದ್ದಲ್ಲೆಲ್ಲ ಜೊತ್ತೊ ಹೀಗೆ ಬರೆದಿರಬಹುದೆಂದು ತಾನೇ ಬರೆದು ತುಂಬಿದ. 1950ರ ದಶಕದ ಕೊನೆಯಲ್ಲಿ ಅದನ್ನೆಲ್ಲ ಅಳಿಸಿದರು. ಹಾಗಾಗಿ ಸಂತ ಫ್ರಾನ್ಸಿಸನ ಮರಣದ ಚಿತ್ರದಲ್ಲಿ ಸಮಾಧಿಯ ಆಕಾರದ ಬರಿಗಾರೆ ಕಾಣುತ್ತದೆ. ಉಳಿದದ್ದನ್ನು ನೋಡಿ: ಮಲಗಿದ ಸಂತನ ಸುತ್ತ ಕೈಗೆ, ಕಾಲಿಗೆ ಮುತ್ತಿಡಲು ಬಾಗಿದ ಸಹೋದರರು, ನಮಗೆ ಬೆನ್ನು ಹಾಕಿ ಮಂಡಿಯೂರಿ, ಕ್ರಿಸ್ತನಿಗಾದಂತೆಯೇ ಸಂತನ ಪಕ್ಕೆಯಲ್ಲೂ ಮೂಡಿತ್ತೆನ್ನುವ ಗಾಯ ನಿಜವೋ ಎಂದು ಕೈಯಿಟ್ಟು ಪರೀಕ್ಷಿಸುವ ಸಿರಿವಂತ, ಎಲ್ಲರೂ ಕೆಳಗೆ ನೋಡುತ್ತಿರುವಾಗ ಮೇಲೇರುವ ಆತ್ಮವನ್ನು ಕಂಡು ಬೆರಗಾಗಿ ತಲೆಯೆತ್ತಿದ ಒಬ್ಬನೇ ಒಬ್ಬ. ಪಕ್ಕದ ಪೆರುತ್ಸಿ ಕೋಣೆಯ ಚಿತ್ರಗಳು ಇನ್ನೂ ಮಸುಕಾಗಿವೆ, ಏಕೆಂದರೆ ಜೊತ್ತೊ ಅಲ್ಲಿ ಹಸಿ ಗಾರೆಯ ಮೇಲೆ ಬರೆಯದೆ ಒಣಗಿದ ಗಾರೆಯ ಮೇಲೆ ಬರೆದ. ಹಸಿ ಗಾರೆಯಲ್ಲಾದರೆ ಸುಣ್ಣ ಒಣಗುತ್ತ ಬಣ್ಣವನ್ನು ತನ್ನೊಳಗೆ ಕಟ್ಟಿಕೊಳ್ಳುತ್ತದೆ, ಒಣ ಗಾರೆಯಲ್ಲಿ ಅದು ಮೇಲೆ ಅಂಟಿಕೊಂಡಿರುತ್ತದಷ್ಟೇ. ಸುಣ್ಣ ಕೆರೆಯುವಾಗ ಅದರ ಜೊತೆ ಬಣ್ಣವೂ ಹೋಯಿತು. ಪುಟ್ಟ ದುರ್ಬೀನೊಂದನ್ನು ತಪ್ಪದೆ ಒಯ್ಯಿರಿ, ಮೇಲಿನ ಸಾಲಿನ ಚಿತ್ರಗಳಿಗೆ ಅದು ಬೇಕಾಗುತ್ತದೆ.

ಪ್ರಶ್ನೆ: ಮಂಡಿನೋವಿರುವ ಅಮ್ಮನನ್ನು ಕರೆದೊಯ್ಯಬೇಕು. ಟಿಕೆಟ್, ಉಡುಪು, ಹೋಗುವ ದಾರಿ ಇವುಗಳ ಬಗ್ಗೆ ತಿಳಿಸಿ. (ಓದುಗರು, ಶಿವಮೊಗ್ಗ)

ಉತ್ತರ: ರೋಮಿನಿಂದ ವೇಗದ ರೈಲಿನಲ್ಲಿ ಫ್ಲಾರೆನ್ಸಿಗೆ ಸುಮಾರು ಒಂದೂವರೆ ತಾಸು. ಸಾಂತಾ ಮಾರಿಯಾ ನೊವೆಲ್ಲಾ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಚರ್ಚಿಗೆ ಇಪ್ಪತ್ತೈದು ನಿಮಿಷದ ನಡಿಗೆ. ಕಲ್ಲು ಹಾಸಿದ ಬೀದಿಗಳಾದ್ದರಿಂದ ಅಮ್ಮನಿಗೆ ಟ್ಯಾಕ್ಸಿಯೇ ಒಳ್ಳೆಯದು. ಮುಂಭಾಗದ ಮೆಟ್ಟಿಲುಗಳನ್ನು ಕಂಡು ಹೆದರಬೇಡಿ, ಪ್ರವಾಸಿಗಳು ಒಳಹೋಗುವುದು ಎಡಪಾರ್ಶ್ವದ ಬಾಗಿಲಿನಿಂದ. ಒಳಗೆ ಹೋಗಲು ಟಿಕೆಟ್ ಇದೆ; ಅಂತರ್ಜಾಲದಲ್ಲಿ ಮೊದಲೇ ಕೊಂಡರೆ ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ. ಭಾನುವಾರ ಬೆಳಗಿನ ಹೊತ್ತು ಪೂಜೆಗೆ ಮೀಸಲಾಗಿರುವುದರಿಂದ ಬೇರೆ ದಿನ ಆರಿಸಿಕೊಳ್ಳಿ. ಭುಜ, ಮಂಡಿ ಮುಚ್ಚುವ ಉಡುಪು ಬೇಕು. ಅಮ್ಮನ ಸೀರೆಗೆ ಯಾರ ಆಕ್ಷೇಪವೂ ಇರದು, ಮಕ್ಕಳ ಚಡ್ಡಿಯ ಬಗ್ಗೆ ಯೋಚಿಸಿ.

ಚರ್ಚಿನ ಉದ್ದವೇ 115 ಮೀಟರ್. ಎಲ್ಲವನ್ನೂ ನೋಡಿಸುವ ಹಟ ಬೇಡ. ಬಲಗೋಡೆಯಲ್ಲಿರುವ ದೊನಾತೆಲ್ಲೊನ ಶಿಲ್ಪವೊಂದನ್ನು ಅಮ್ಮನಿಗೆ ಖಂಡಿತ ತೋರಿಸಿ: ದೇವದೂತ ಬಂದು ಮಂಡಿಯೂರಿದಾಗ ಬೆಚ್ಚಿದ ಮೇರಿ ಅತ್ತ ಹೊರಟೇಬಿಡುವಂತೆ ಮೈ ತಿರುಗಿಸಿದ್ದಾಳೆ, ಆದರೆ ಮುಖ ಮಾತ್ರ ಇತ್ತಲೇ ಹೊರಳಿದೆ. ಬೂದುಗಲ್ಲಿಗೆ ಚಿನ್ನದ ಲೇಪವಿದೆ. ಆಮೇಲೆ ಹೊರಗಿನ ಅಂಗಳದಲ್ಲಿ, ಬ್ರುನೆಲ್ಲೆಸ್ಕಿ ರೂಪಿಸಿದ ಪಾತ್ಸಿ ಪ್ರಾರ್ಥನಾಮಂದಿರದ ಗೋಡೆಯುದ್ದಕ್ಕೂ ಇರುವ ಕಲ್ಲಿನ ಜಗಲಿಯಲ್ಲಿ ಅಮ್ಮ ಕುಳಿತು ದಣಿವಾರಿಸಿಕೊಳ್ಳಲಿ.

ಪ್ರಶ್ನೆ: ಕೊಲ್ಹಾಪುರದ ಒಬ್ಬ ಮಹಾರಾಜರು ಫ್ಲಾರೆನ್ಸಿನಲ್ಲಿ ತೀರಿಕೊಂಡರೆಂದು ನಮ್ಮ ಕಡೆ ಹಿರಿಯರು ಹೇಳುತ್ತಿದ್ದರು. ಅವರ ಸಮಾಧಿಯೂ ಸಾಂತಾ ಕ್ರೋಚೆಯಲ್ಲಿದೆಯೇ? (ಓದುಗರು, ಬೆಳಗಾವಿ)

ಉತ್ತರ: ಹಿರಿಯರ ಮಾತು ನಿಜ, ಆದರೆ ಜಾಗ ಅದಲ್ಲ. ಇಂಗ್ಲೆಂಡಿಗೆ ಹೋಗಿದ್ದ ಕೊಲ್ಹಾಪುರದ ಛತ್ರಪತಿ ರಾಜಾರಾಮ ಮಹಾರಾಜರು ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಕಾಯಿಲೆ ಬಿದ್ದು, 1870ರ ನವೆಂಬರ್ 30ರಂದು, ಇಪ್ಪತ್ತರ ಹರೆಯದಲ್ಲೇ ಫ್ಲಾರೆನ್ಸಿನಲ್ಲಿ ತೀರಿಕೊಂಡರು. ಹಿಂದೂ ಪದ್ಧತಿಯಂತೆ ಎರಡು ನದಿಗಳ ಸಂಗಮದಲ್ಲಿ ದಹನವಾಗಬೇಕೆಂದು ಜೊತೆಗಿದ್ದವರು ಕೇಳಿಕೊಂಡಾಗ, ಶವ ಸುಡುವ ರೂಢಿಯೇ ಇಲ್ಲದ ಆ ನಗರ ವಿಶೇಷ ಅನುಮತಿ ಕೊಟ್ಟಿತು. ಅರ್ನೊ ಮತ್ತು ಮುನ್ಯೋನೆ ನದಿಗಳು ಕೂಡುವಲ್ಲಿ, ಕಶೀನೆ ಉದ್ಯಾನದ ಪಶ್ಚಿಮದ ತುದಿಯಲ್ಲಿ ಚಿತೆ ಉರಿಯಿತು. ಅದೇ ಜಾಗದಲ್ಲಿ 1874ರಲ್ಲಿ ಛತ್ರಿಯೊಂದನ್ನು ಕಟ್ಟಿ, ಅದರಡಿಯಲ್ಲಿ ರುಮಾಲು ಧರಿಸಿದ ತರುಣ ರಾಜರ ಬಣ್ಣದ ಪ್ರತಿಮೆಯನ್ನು ಇರಿಸಿದರು. ಫ್ಲಾರೆನ್ಸಿನವರಿಗೆ ಅದು ‘ಭಾರತೀಯ’, ಪಕ್ಕದ ದೊಡ್ಡ ಸೇತುವೆಗೂ ಅದೇ ಹೆಸರು. ಸಾಂತಾ ಕ್ರೋಚೆಯಿಂದ ಅದು ನಡೆದು ಹೋಗುವಷ್ಟು ಹತ್ತಿರವಿಲ್ಲ, ಟ್ಯಾಕ್ಸಿ ಮಾಡಿಕೊಳ್ಳಿ. ಉದ್ಯಾನದ ತುದಿಯವರೆಗೂ ಹೋಗಬೇಕಾದ್ದರಿಂದ ಕತ್ತಲಾಗುವ ಮೊದಲೇ ಹೊರಡಿ.